ಎಡಗಡೆಯ ಕೀಗಳ ತೂಕ

ಪಿಯಾನೋದ ಹೊಟ್ಟೆಯೊಳಗೆ ಬಲ್ಬು ಉರಿಸುತ್ತೇವೆ ಎಂದರೆ ಘಟ್ಟದ ಮೇಲಿನವರು ನಗುತ್ತಾರೆ. ನಗಲಿ. ಮಳೆ ಹಿಡಿಯಿತೆಂದರೆ ನಮ್ಮ ಊರಿನಲ್ಲಿ ಮುಚ್ಚಳ ಹಾಕಿದ ಉಪ್ಪಿನ ಡಬ್ಬಿಯಲ್ಲೇ ನೀರು ನಿಲ್ಲುತ್ತದೆ. ಇನ್ನು ಮರ, ಉಣ್ಣೆ, ಉಕ್ಕಿನ ತಂತಿ ಸೇರಿಸಿ ಮಾಡಿದ ವಾದ್ಯ ಉಳಿಯುವುದು ಹೇಗೆ? ಅದಕ್ಕೇ ಪಿಯಾನೋದ ಕೆಳಗಿನ ಹಲಗೆ ಬಿಚ್ಚಿ, ಒಳಗೊಂದು ನಲವತ್ತು ವ್ಯಾಟಿನ ಹಳೆಯ ಕಾಲದ ಬಲ್ಬು ಇಡುತ್ತೇವೆ. ಮಳೆಗಾಲ ಮುಗಿಯುವವರೆಗೆ ಅದು ಹಗಲೂ ರಾತ್ರಿ ಉರಿಯುತ್ತಿರಬೇಕು. ಅದರ ಕಾವಿಗೆ ಒಳಗಿನ ಥಂಡಿ ಆರುತ್ತದೆ. ಮಂಗಳೂರಿನ ಬೈಕಂಪಾಡಿಯಲ್ಲಿರುವ ನನ್ನ ಪಿಯಾನೋ ರಿಪೇರಿ ಶೆಡ್ಡಿಗೆ ಬರುವ ಎಲ್ಲರಿಗೂ ನಾನು ಮೊದಲು ಹೇಳುವ ಬುದ್ಧಿಮಾತು ಇದೇ.

ಪಡೀಲಿನ ಆ ಮನೆಯಿಂದ ಫೋನ್ ಬಂದದ್ದು ಮಳೆ ಬಿಟ್ಟ ಮೇಲೆ, ನವರಾತ್ರಿ ಮುಗಿದ ಹೊಸತರಲ್ಲಿ. ಮಾತಾಡಿದ್ದು ಬಾಯಮ್ಮ. ನಮ್ಮಲ್ಲಿ ಹಿರಿಯ ಕ್ರೈಸ್ತ ಹೆಂಗಸರನ್ನು ಕರೆಯುವುದು ಹಾಗೆ. ಆಕೆ ಮಂಗಳೂರಿನವರೇ. ಹರೆಯದಲ್ಲಿ ನರ್ಸಿಂಗ್ ಕಲಿಯಲು ಜರ್ಮನಿಗೆ ಹೋಗಿ, ಅಲ್ಲಿಯ ಆಸ್ಪತ್ರೆಯಲ್ಲಿ ನಿವೃತ್ತಿಯವರೆಗೂ ದುಡಿದು, ಅಲ್ಲಿಯವರನ್ನೇ ಮದುವೆಯಾಗಿ, ಮುದಿಪ್ರಾಯದಲ್ಲಿ ಗಂಡನನ್ನೂ ಗಂಡನ ಪಿಯಾನೋವನ್ನೂ ಕಟ್ಟಿಕೊಂಡು ಊರಿಗೆ ಮರಳಿದವರು.

“ಮೇಸ್ತ್ರಿ, ಎಡಗಡೆದ್ದು ಕೀ ಎಲ್ಲ ಭಾರ ಆಗಿದೆ ಅಂತೆ. ಬೆಳಗ್ಗಿನಿಂದ ಅದೇ ರಗಳೆ. ಒಮ್ಮೆ ಬಂದು ಹೋಗಿ, ಆಯ್ತಾ?” ಎಂದರು.

ಗಂಡ ತಮ್ಮ ದೇಶದಲ್ಲಿ ಹೆಸರು ಮಾಡಿದ ಪಿಯಾನೋ ವಾದಕ. ನುಡಿಸುತ್ತಿದ್ದದ್ದು ಜಾಜ್, ಅದಕ್ಕಿಂತ ಹೆಚ್ಚಾಗಿ ರ‍್ಯಾಗ್‌ಟೈಮ್ ಎಂಬ ಹಳೆಯ ಅಮೆರಿಕನ್ ಸಂಗೀತ. ಅದರಲ್ಲಿ ಎಡಗೈಗೆ ವಿಪರೀತ ಕೆಲಸ. ತಗ್ಗಿನ ಒಂದು ಸ್ವರಕ್ಕೆ ಬಿದ್ದು, ಕೂಡಲೇ ನಡುವಿನ ಸ್ವರಗಳ ಗೊಂಚಲಿಗೆ ಹಾರಿ, ಮತ್ತೆ ಬಿದ್ದು, ಮತ್ತೆ ಹಾರಿ ತಾಳ ಹಿಡಿಯಬೇಕು. ಬಲಗೈ ಆ ತಾಳಕ್ಕೆ ಸಿಕ್ಕಿಯೂ ಸಿಕ್ಕದ ಹಾಗೆ ತುಂಟತನ ಮಾಡುತ್ತಾ ಹೋಗುತ್ತದೆ. ಎಡಗೈ ಒಂದು ಕೂದಲೆಳೆ ತಡವಾದರೂ ಬಲಗೈಯ ತುಂಟತನಕ್ಕೆ ಅರ್ಥವಿಲ್ಲ. ನಾನು ಅವರನ್ನು ಮಾಸ್ಟ್ರೇ ಎನ್ನುತ್ತಿದ್ದೆ, ಅವರು ನನ್ನನ್ನು ಡಾಕ್ಟರ್ ಎನ್ನುತ್ತಿದ್ದರು. ನಮ್ಮ ಮಾತು ಇಂಗ್ಲಿಷಿನಲ್ಲಿ. ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ರಿಕ್ಷಾದವರಿಂದ ಕಲಿತ ‘ಎಂತ ಮಾರಾಯ’ ಮಾತ್ರ ಅವರದೇ.

ನಾನು ಹೋದಾಗ ಮಾಸ್ಟ್ರು ಬಾಗಿಲಲ್ಲೇ ನಿಂತಿದ್ದರು. “ಎಂತ ಮಾರಾಯ, ಡಾಕ್ಟರ್! ನಿಮ್ಮ ಊರಿನ ಮಳೆ ನನ್ನ ಪಿಯಾನೋವನ್ನು ಕುಡಿಸಿ ಕುಡಿಸಿ ಹಂದಿಯ ಹಾಗೆ ಕೊಬ್ಬಿಸಿದೆ” ಎಂದರು.

ಕೆಳಗಿನ ಹಲಗೆ ಬಿಚ್ಚಿ ನೋಡಿದೆ. ಒಳಗೆ ಬಲ್ಬೇನೋ ಉರಿಯುತ್ತಿತ್ತು. ಬೆಳ್ಳಗೆ, ತಣ್ಣಗೆ, ಮದುವೆ ಮಂಟಪದ ಹಾಗೆ ಝಗಝಗ. ಕಾವೇ ಕೊಡದ ಎಲ್‌ಇಡಿ ಬಲ್ಬು.

“ಬಾಯಮ್ಮ, ಇದನ್ನು ಹಾಕಿದ್ದು ಯಾರು?”

“ನಾನೇ ಹಾಕಿಸಿದ್ದು. ಹಳೇದು ಹೋಯ್ತಲ್ಲ. ಇದಕ್ಕೆ ಕರೆಂಟ್ ಕಮ್ಮಿ ಅಂತ ಅಂಗಡಿಯವ ಹೇಳಿದ. ಬೆಳಕೂ ಜಾಸ್ತಿ ಉಂಟು.”

“ಬೆಳಕು ತಕೊಂಡು ಅದು ಎಂತ ಮಾಡ್ತದೆ? ಒಳಗೆ ಕೂತು ಪೇಪರ್ ಓದ್ತದಾ?”

ಆಕೆ ಅದನ್ನು ಜರ್ಮನಿನಲ್ಲಿ ಗಂಡನಿಗೆ ಹೇಳಿದರು. ಮಾಸ್ಟ್ರು ಸೋಫಾದ ಮೇಲೆ ಬಿದ್ದು ನಕ್ಕರು. ಇಡೀ ಮಳೆಗಾಲ ಗಂಡಹೆಂಡಿರಿಬ್ಬರೂ ಮಲಗುವ ಮುಂಚೆ ಹಲಗೆಯ ಸಂದಿಯಿಂದ ಇಣುಕಿ, ಬೆಳಕು ಕಾಣುತ್ತದೆ, ಪಿಯಾನೋ ಕ್ಷೇಮವಾಗಿದೆ ಎಂದು ಸಮಾಧಾನಪಟ್ಟಿದ್ದರಂತೆ. ಪಿಯಾನೋದಲ್ಲಿ ದೀಪ ಹಚ್ಚುವ ನಮ್ಮ ಊರಿನಲ್ಲಲ್ಲದೆ ಬೇರೆಲ್ಲೂ ಇಂಥ ಪ್ರಮಾದ ಆಗಲಿಕ್ಕಿಲ್ಲ.

ಕಾರಣ ಸಿಕ್ಕಿತಲ್ಲ ಎಂದು ನಾನೂ ಖುಷಿಯಲ್ಲೇ ಕೆಲಸಕ್ಕೆ ಕೂತೆ. ಪ್ರತಿಯೊಂದು ಕೀ ಒಂದು ಉದ್ದ ಮರದ ಪಟ್ಟಿ. ಮಕ್ಕಳು ಆಡುವ ಏರಿಳಿ ಹಲಗೆಯ ಹಾಗೆ ಅದು ನಡುವಿನ ಒಂದು ಮೊಳೆಯ ಮೇಲೆ ತೂಗುತ್ತದೆ. ಮುಂದಿನ ತುದಿಯನ್ನು ಬೆರಳು ಒತ್ತಿದರೆ ಹಿಂದಿನ ತುದಿ ಮೇಲೆದ್ದು ಸುತ್ತಿಗೆಯನ್ನು ತಂತಿಗೆ ತಳ್ಳುತ್ತದೆ. ಮೊಳೆ ತೂರುವ ತೂತಿಗೆ ಉಣ್ಣೆಬಟ್ಟೆ ಅಂಟಿಸಿರುತ್ತಾರೆ. ಆ ಬಟ್ಟೆ ನೀರು ಹೀರಿ ಉಬ್ಬಿದರೆ ಕೀ ಮೊಳೆಗೆ ಕಚ್ಚಿಕೊಳ್ಳುತ್ತದೆ. ಅಲ್ಲೂ ಅದೇ ಆಗಿತ್ತು. ಕೀಗಳನ್ನು ಒಂದೊಂದಾಗಿ ಹೊರತೆಗೆದು, ಇಕ್ಕಳದಲ್ಲಿ ಬಟ್ಟೆಯನ್ನು ಮೆಲ್ಲಗೆ ಒತ್ತಿ ಸಡಿಲಿಸಿದೆ. ಮೊಳೆಗಳ ಕಿಲುಬು ಉಜ್ಜಿದೆ. ಹಳೆಯ ಬಲ್ಬಿಗಾಗಿ ಅರ್ಧ ಊರು ಅಲೆದು ಕೊನೆಗೆ ಬಂದರಿನ ಒಂದು ಹಳೇ ಅಂಗಡಿಯಲ್ಲಿ ಧೂಳು ಹಿಡಿದದ್ದು ಸಿಕ್ಕಿತು. ಅದನ್ನು ಹಾಕಿ, ಒಂದು ವಾರ ಒಣಗಲು ಬಿಟ್ಟು, ಶ್ರುತಿ ಮಾಡಿ, ಮಾಸ್ಟ್ರನ್ನು ಕೂರಿಸಿದೆ.

ಬಲಗೈ ಓಡಿತು. ಎಡಗೈ ತಗ್ಗಿನ ಸ್ವರಕ್ಕೆ ಬಿದ್ದದ್ದು ಕೇಳಿತು, ಆದರೆ ಸ್ವರ ಅರೆಬರೆ. ಮಾಸ್ಟ್ರು ನಿಲ್ಲಿಸಿದರು.

“ಭಾರ ಇದೆ, ಡಾಕ್ಟರ್. ಮೊದಲಿನಷ್ಟೇ.”

ಮತ್ತೆ ಬಿಚ್ಚಿದೆ. ಸುತ್ತಿಗೆಗಳ ಕೀಲು ನೋಡಿದೆ, ಸ್ಪ್ರಿಂಗು ನೋಡಿದೆ. ಎಲ್ಲಿಯೂ ಬಿಗಿಯಿಲ್ಲ. ಅಕ್ಕಸಾಲಿಗರ ಹಿತ್ತಾಳೆಯ ತೂಕದ ಕಲ್ಲುಗಳ ಒಂದು ಡಬ್ಬಿ ನನ್ನಲ್ಲಿದೆ. ಕೀಯ ತುದಿಯಲ್ಲಿ ಐವತ್ತು ಗ್ರಾಮಿನ ಆಸುಪಾಸು ಇಟ್ಟರೆ ಅದು ಮೆಲ್ಲಗೆ ಇಳಿಯಬೇಕು. ಎಡಗಡೆಯವೆಲ್ಲ ಹಾಗೆಯೇ ಇಳಿದವು. ನನಗೆ ಸಿಟ್ಟು ಬಂತು. ಪಿಯಾನೋದವರ ಗೊಣಗಾಟ ಕೇಳಿ ಕೇಳಿ ನನಗೆ ಸಾಕಾಗಿದೆ. ತಪ್ಪು ಸ್ವರ ನುಡಿಸಿದವರೂ ಪಿಯಾನೋವನ್ನೇ ಬೈಯುತ್ತಾರೆ. “ಮಾಸ್ಟ್ರೇ, ಕಲ್ಲು ಸುಳ್ಳು ಹೇಳುವುದಿಲ್ಲ. ಕೀ ಸರಿಯಾಗಿದೆ. ಇನ್ನೊಮ್ಮೆ ನುಡಿಸಿ, ನೋಡುತ್ತೇನೆ” ಎಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ.

ಮುಖಕ್ಕಿಂತ ಮೊದಲು ಕೈ ನೋಡುವುದು ನನ್ನ ಅಭ್ಯಾಸ, ಕಸುಬಿನಿಂದ ಬಂದದ್ದು. ಅವರ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತುಂಬಿದ ಮಾಂಸ, ಒಂದು ನೆಲ್ಲಿಕಾಯಿಯಷ್ಟು. ಪಿಯಾನೋ ನುಡಿಸುವವರಲ್ಲಿ ಅದು ಇದ್ದೇ ಇರುತ್ತದೆ. ಎಡಗೈಯಲ್ಲಿ ಅದೇ ಜಾಗ ಗುಳಿ ಬಿದ್ದಿತ್ತು. ಚರ್ಮದ ಕೆಳಗೆ ಏನೋ ತನ್ನಷ್ಟಕ್ಕೇ ಮಿಡಿಯುತ್ತಿತ್ತು. ತಲೆ ಎತ್ತಿದೆ. ಅಡುಗೆಕೋಣೆಯ ಬಾಗಿಲಲ್ಲಿ ಬಾಯಮ್ಮ ನಿಂತು ನನ್ನನ್ನೇ ನೋಡುತ್ತಿದ್ದರು.

ಗೇಟಿನವರೆಗೆ ಆಕೆ ನನ್ನ ಜೊತೆ ನಡೆದು ಬಂದರು.

“ನೀವು ನೋಡಿದ್ರಿ.”

“ಹೌದು.”

“ನರದ ಕಾಯಿಲೆ. ಮಾಂಸ ಕರಗ್ತಾ ಹೋಗ್ತದೆ. ಈಗ ಕೈ, ಮತ್ತೆ ಕಾಲು, ಮತ್ತೆ ನುಂಗ್ಲಿಕ್ಕೆ ಆಗುದಿಲ್ಲ, ಉಸಿರು ತೆಗಿಲಿಕ್ಕೆ ಆಗುದಿಲ್ಲ. ಮದ್ದಿಲ್ಲ, ಮೇಸ್ತ್ರಿ.”

“ಅವರಿಗೆ ಗೊತ್ತುಂಟಾ?”

“ಇಲ್ಲ. ಇಲ್ಲಿ ಡಾಕ್ಟ್ರು ಅವರನ್ನು ಹೊರಗೆ ಕೂರಿಸಿ ನನ್ನ ಹತ್ರ ಹೇಳಿದ್ರು. ಕುತ್ತಿಗೆಯ ನರ ಒತ್ತಿಕೊಂಡಿದೆ, ಎಕ್ಸರ್ಸೈಸ್ ಮಾಡಿದ್ರೆ ಸರಿ ಆಗ್ತದೆ ಅಂತ ನಾನು ಅವರಿಗೆ ಹೇಳಿದ್ದೇನೆ. ದಿನಾ ಬೆಳಿಗ್ಗೆ ಎದ್ದು ಮಾಡ್ತಾರೆ, ಪಾಪ.” ಗೇಟಿನ ಚಿಲಕ ಹಿಡಿದು ಮತ್ತೆ ಹೇಳಿದರು, “ಅಲ್ಲಿ ಹಾಗಲ್ಲ. ಅಲ್ಲಿ ರೋಗಿಯ ಎದುರೇ ಹೇಳುದು. ನಾನು ಎಷ್ಟು ಸಲ ಆ ರೂಮಿನಲ್ಲಿ ನಿಂತಿದ್ದೇನೆ. ಕೇಳಿದ ಮೇಲೆ ಅವರ ಮುಖ ಹೇಗಾಗ್ತದೆ ಅಂತ ನೋಡಿದ್ದೇನೆ. ಆ ಮುಖ ಇವರಲ್ಲಿ ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ.”

ನನಗೆ ಆಶ್ಚರ್ಯವಾಗಲಿಲ್ಲ. ನನ್ನ ಅಪ್ಪನಿಗೆ, ನಮ್ಮ ಬಾಪಾಗೆ, ಕ್ಯಾನ್ಸರ್ ಎಂದು ಕೇರಿಗೆಲ್ಲ ಗೊತ್ತಿತ್ತು, ಬಾಪಾಗೆ ಬಿಟ್ಟು. ಬಂದವರೆಲ್ಲ ಗ್ಯಾಸ್ ಟ್ರಬಲ್ಲಿನ ಮದ್ದಿನ ಬಗ್ಗೆ ಮಾತಾಡಿ ಎದ್ದು ಹೋಗುತ್ತಿದ್ದರು. ನಮ್ಮಲ್ಲಿ ಪ್ರೀತಿಯ ಒಂದು ರೀತಿ ಅದು.

“ಕೀಯನ್ನು ಹಗುರ ಮಾಡ್ಲಿಕ್ಕೆ ಆಗ್ತದಾ?” ಎಂದು ಕೇಳಿದರು. “ಅವರಿಗೆ ಗೊತ್ತಾಗದ ಹಾಗೆ?”

ಆಗುತ್ತದೆ ಎಂದೆ.

ಎಡಗಡೆಯ ಕೀಗಳನ್ನಷ್ಟೇ ಕಟ್ಟಿ, ಬಟ್ಟೆ ಬದಲಿಸಬೇಕು ಎಂದು ಮಾಸ್ಟ್ರಿಗೆ ಹೇಳಿ ಶೆಡ್ಡಿಗೆ ತಂದೆ. ಕೀಯ ಮುಂದಿನ ಅರ್ಧಕ್ಕೆ ಸೀಸ ತುಂಬಿದರೆ ಆ ತುದಿಗೆ ಇಳಿಯುವ ಮನಸ್ಸು ಜಾಸ್ತಿಯಾಗುತ್ತದೆ, ಬೆರಳಿನ ಕೆಲಸ ಕಡಿಮೆಯಾಗುತ್ತದೆ. ಪಿಯಾನೋಕ್ಕೆಂದೇ ಬರುವ ಸೀಸ ತರಿಸಲು ತಿಂಗಳು ಬೇಕು. ಅದಕ್ಕೆ ಬಂದರಿನಲ್ಲಿ ಮೀನುಬಲೆಗೆ ಕಟ್ಟುವ ಸೀಸದ ಗುಂಡು ತಂದು, ಕರಗಿಸಿ, ಪೆನ್ಸಿಲ್ ದಪ್ಪದ ಕಡ್ಡಿ ಎರಕ ಹೊಯ್ದೆ. ಕೀಯ ಪಕ್ಕದಲ್ಲಿ ತೂತು ಕೊರೆದು, ಸೀಸದ ತುಂಡು ಇಟ್ಟು, ಎರಡೂ ಕಡೆ ಸುತ್ತಿಗೆಯಿಂದ ತಟ್ಟಿ ಸಮ ಮಾಡಿದೆ. ಒಂದು ಕೀಗೂ ಪಕ್ಕದ ಕೀಗೂ ತೂಕದಲ್ಲಿ ಹೆಚ್ಚುಕಮ್ಮಿ ಬರಬಾರದು. ಬಂದರೆ ಅಂಥ ಬೆರಳು ಕೂಡಲೇ ಹಿಡಿಯುತ್ತದೆ. ಈ ಕೆಲಸಕ್ಕೆ ಒಂದು ಮಿತಿಯೂ ಉಂಟು. ಮುಂದೆ ಭಾರ ಹೆಚ್ಚಿದಷ್ಟೂ ಕೀ ಇಳಿಯುವುದು ಸುಲಭ, ಆದರೆ ಬೆರಳು ತೆಗೆದಾಗ ಮೇಲೇಳಲು ಉದಾಸೀನ ಮಾಡುತ್ತದೆ. ಇವರದ್ದು ಬಿದ್ದು ಹಾರುವ ಸಂಗೀತ. ಕೀ ಎದ್ದು ಬಾರದಿದ್ದರೆ ಅದೂ ಇಲ್ಲ.

ಕೀ ಜೋಡಿಸಿದ ದಿನ ಮಾಸ್ಟ್ರು ಕೂತು ಎಡಗೈಯನ್ನು ಒಮ್ಮೆ ತಗ್ಗಿಗೆ ಬಿಟ್ಟರು. ದುಂಡಗೆ, ತುಂಬಿಕೊಂಡು ಸ್ವರ ಬಂತು. ಅವರು ನನ್ನ ಮುಖ ನೋಡಿದರು. ಇನ್ನೊಮ್ಮೆ ಬಿಟ್ಟರು. ಆಮೇಲೆ ನಿಲ್ಲಿಸಲೇ ಇಲ್ಲ. ಒಂದು ಇಡೀ ಕೃತಿ, ನಾಲ್ಕೂ ಭಾಗ, ಎಡಗೈ ಗಡಿಯಾರದ ಹಾಗೆ. ಮುಗಿದ ಮೇಲೆ ಜರ್ಮನಿಯಲ್ಲಿದ್ದ ಹಳೆಯ ಡ್ರಮ್ ವಾದಕ ಗೆಳೆಯನಿಗೆ ಫೋನ್ ಹಚ್ಚಿ, ಫೋನನ್ನು ಪಿಯಾನೋದ ಮೇಲಿಟ್ಟು ಮತ್ತೆ ನುಡಿಸಿದರು. ಅತ್ತಲಿಂದ ಆ ಮುದುಕ ಮೇಜು ಬಡಿದು ತಾಳ ಹಾಕುವುದು ನನಗೂ ಕೇಳಿಸಿತು.

“ಕುತ್ತಿಗೆಯ ವ್ಯಾಯಾಮ ಕೆಲಸ ಮಾಡಿದೆ” ಎಂದರು ಮಾಸ್ಟ್ರು. ಬಾಯಮ್ಮ ನನ್ನ ಮುಖ ನೋಡದೆ ಚಾ ಇಟ್ಟು ಒಳಗೆ ಹೋದರು.

ಆ ತಿಂಗಳು ನಾನು ಆಗಾಗ ಹೋದೆ, ಏನಾದರೂ ನೆಪ ಹೇಳಿ. ಮಾಸ್ಟ್ರು ಮಾತಿಗೆ ಸಿಕ್ಕುತ್ತಿದ್ದರು. ಅವರು ಹುಟ್ಟಿದ್ದು ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ, ಜರ್ಮನಿಯ ಒಂದು ಬಂದರು ಊರಿನಲ್ಲಿ. ಅವರ ಸೋದರಮಾವನ ಬಿಯರ್ ಅಂಗಡಿಯಲ್ಲಿ ತಾನೇ ನುಡಿಯುವ ಪಿಯಾನೋ ಒಂದಿತ್ತಂತೆ. ತೂತು ಕೊರೆದ ಕಾಗದದ ಸುರುಳಿ ಹಾಕಿ ಕಾಲಲ್ಲಿ ತುಳಿದರೆ ಕೀಗಳು ತಾವಾಗಿ ಇಳಿದು ಏಳುತ್ತವೆ. ಬಾಂಬಿನಲ್ಲಿ ಅರ್ಧ ಗೋಡೆ ಬಿದ್ದ ಆ ಅಂಗಡಿಯಲ್ಲಿ ಉಳಿದಿದ್ದದ್ದು ಒಂದೇ ಸುರುಳಿ, ಅದೂ ರ‍್ಯಾಗ್‌ಟೈಮಿನದ್ದು. ಇಳಿಯುವ ಕೀಗಳ ಮೇಲೆ ಪುಟ್ಟ ಬೆರಳಿಟ್ಟು, ಅವು ಹೋದಲ್ಲೆಲ್ಲ ಹಿಂಬಾಲಿಸಿ ಕಲಿತರಂತೆ. ಆಮೇಲೆ ನೆಲಮಾಳಿಗೆಯ ಕ್ಲಬ್ಬುಗಳು, ನದಿಯ ಮೇಲೆ ಓಡುವ ಪ್ರವಾಸಿ ಹಡಗು, ರೇಡಿಯೋ, ಕೆಲವು ರೆಕಾರ್ಡುಗಳು. ಒಬ್ಬ ಪತ್ರಿಕೆಯವ ಇವರ ಎಡಗೈಯಲ್ಲಿ ಉಗಿಬಂಡಿ ಇದೆ ಎಂದು ಬರೆದನಂತೆ. ಮುಂದೆ ಎಲ್ಲಿ ಹೋದರೂ ಜನ ಮೊದಲು ಎಡಗೈಯನ್ನೇ ಕುಲುಕಲು ಕೇಳುತ್ತಿದ್ದರು. ಹರ್ನಿಯಾ ಆಪರೇಷನ್ನಿಗೆ ಆಸ್ಪತ್ರೆ ಸೇರಿದಾಗ ಊಟದ ತಟ್ಟೆಯ ಮೇಲೆ ಬೆರಳಾಡಿಸಿ ವಾರ್ಡಿನವರ ನಿದ್ದೆ ಕೆಡಿಸಿದ್ದರು, ಬೈಯಲು ಬಂದ ಮಂಗಳೂರಿನ ನರ್ಸನ್ನೇ ಮದುವೆಯಾದರು.

“ಆವಾಗಲೂ ಬೈದಳು, ಈಗಲೂ ಬೈಯುತ್ತಾಳೆ. ನಡುವೆ ಚೆನ್ನಾಗಿತ್ತು” ಎಂದರು.

ಕ್ರಿಸ್ಮಸ್ಸಿಗೆ ಮೊದಲೇ ಮತ್ತೆ ಭಾರವಾಯಿತು. ನಾನು ಕೀಗಳನ್ನು ಕಟ್ಟಿ ತಂದು ಇನ್ನೊಂದು ಸುತ್ತು ಸೀಸ ಹಾಕಿದೆ. ಈ ಸಲ ಮಾಸ್ಟ್ರಿಗೆ ಇಳಿಯುವುದರ ಬಗ್ಗೆ ದೂರಿರಲಿಲ್ಲ. “ಕೀಗಳಿಗೆ ಸೋಮಾರಿತನ ಬಂದಿದೆ. ಕರೆದರೆ ಹೋಗುತ್ತವೆ, ಹಿಂದೆ ಬರುವುದಿಲ್ಲ” ಎಂದರು. ಮಿತಿ ಮುಟ್ಟಿದೆ ಎಂದು ನನಗೆ ತಿಳಿಯಿತು. ಇನ್ನು ಆ ಮರದಲ್ಲಿ ಕೊರೆಯಲು ಜಾಗವೂ ಇರಲಿಲ್ಲ.

ಅಂಥ ಹೊತ್ತಿನಲ್ಲಿ ಬಾಯಮ್ಮನ ಫೋನ್ ಬಂತು.

“ಮೇಸ್ತ್ರಿ, ಇವರು ಒಪ್ಪಿ ಬಿಟ್ಟಿದ್ದಾರೆ. ಆ ಮ್ಯೂಸಿಕ್ ಸ್ಕೂಲಿನವರು ಎರಡು ವರ್ಷದಿಂದ ಪ್ರೋಗ್ರಾಮಿಗೆ ಕರೀತಾ ಇದ್ರು, ಇವರು ಬೇಡ ಬೇಡ ಅಂತಿದ್ರು. ಇವತ್ತು ನನಗೆ ಹೇಳದೆ ಇವರೇ ಫೋನ್ ಮಾಡಿ ಜನವರಿಯಲ್ಲಿ ನುಡಿಸ್ತೇನೆ ಅಂತ ಹೇಳಿದ್ದಾರೆ. ಕೈ ಸರಿಯಾಯ್ತಲ್ಲ ಅಂತ.”

ಜನವರಿಗೆ ಎಷ್ಟು ದಿನ ಉಳಿದಿದೆ ಎಂದು ಗೋಡೆಯ ಕ್ಯಾಲೆಂಡರ್ ನೋಡಿದೆ.

“ಅಲ್ಲಿಯ ಪಿಯಾನೋಕ್ಕೂ ಸೀಸ ಹಾಕ್ಲಿಕ್ಕೆ ಆಗ್ತದಾ?”

ಶಾಲೆಗೆ ಹೋಗಿ ಕೇಳಿದೆ. ಅಲ್ಲಿಯ ಮುಖ್ಯಸ್ಥೆ, ಎಲ್ಲರೂ ಕರೆಯುವ ಹೆಡ್ಮಿಸ್, ಸಭ್ಯರು. ಕಾರಣ ಹೇಳದೆ ಕೇಳಿದ್ದರಿಂದ ಅವರಿಗೆ ನನ್ನ ಮಾತು ವಿಚಿತ್ರವಾಗಿ ಕಂಡಿರಬೇಕು. “ಇಲ್ಲಿ ಮಕ್ಕಳಿಗೆ ಪರೀಕ್ಷೆ ಉಂಟು. ಅದೇ ಪಿಯಾನೋದಲ್ಲಿ ಪ್ರಾಕ್ಟೀಸ್. ಟ್ಯೂನ್ ಮಾಡಿ, ಬೇರೆ ಎಂತದೂ ಮುಟ್ಬೇಡಿ, ಪ್ಲೀಸ್” ಎಂದರು. ಅವರು ಹೇಳಿದ್ದು ನ್ಯಾಯ. ಮನೆಯ ಪಿಯಾನೋವನ್ನೇ ಶಾಲೆಯ ಮಹಡಿಯ ಸಭಾಂಗಣಕ್ಕೆ ಸಾಗಿಸಿದರೆ? ಬೆಂಗರೆಯಲ್ಲಿ ದೋಣಿ ಎಳೆದು ರೂಢಿಯಿದ್ದ ನಾಲ್ಕು ಜನ ಗೆಳೆಯರಿದ್ದಾರೆ, ಹಗ್ಗ, ಮರದ ಗಳ ಹಿಡಿದು ಬರುತ್ತಾರೆ. ಮೆಟ್ಟಿಲಿನ ತಿರುವನ್ನು ಅಳತೆ ಮಾಡಿದೆ. ಪಿಯಾನೋ ಹಿಡಿಯುತ್ತಿತ್ತು. ಆದರೆ ಆ ಅಳತೆ ಪಟ್ಟಿ ಸುತ್ತುವಾಗ ನನಗೆ ನಾಚಿಕೆಯಾಯಿತು. ಪಿಯಾನೋ ಏರಿಸಬಹುದು, ಜನವರಿಗೆ ಆ ಕೈ ಎಷ್ಟು ಉಳಿದಿರುತ್ತದೆ? ಮೇಲೇಳದ ಕೀಗಳ ಮೇಲೆ, ತುಂಬಿದ ಸಭೆಯ ಎದುರು, ಯಾಕೆ ಹೀಗಾಗುತ್ತಿದೆ ಎಂದು ತಿಳಿಯದೆ ಆ ಮನುಷ್ಯ ತಡವರಿಸುವುದನ್ನು ಕಣ್ಣ ಮುಂದೆ ತಂದುಕೊಂಡೆ. ಮನೆಯೊಳಗೆ ಕರುಣೆಯಾಗಿದ್ದದ್ದು ಅಲ್ಲಿ ಮಾನ ಕಳೆಯುತ್ತದೆ.

ಬಾಯಮ್ಮನಿಗೆ ಫೋನ್ ಮಾಡಿ, “ನೀವು ಹೇಳಿ. ಇಲ್ಲದಿದ್ರೆ ಕೀಯ ವಿಷಯ ನಾನು ಹೇಳ್ತೇನೆ” ಎಂದೆ.

“ನಿಮ್ಮ ಕಾಲಿಗೆ ಬೀಳ್ತೇನೆ, ಬೇಡ.”

“ಸ್ಟೇಜಿನಲ್ಲಿ ಗೊತ್ತಾಗುದು ಬೇಡ, ಬಾಯಮ್ಮ.”

ಆಕೆ ಫೋನ್ ಇಟ್ಟರು. ಆಕೆ ಹೇಳುತ್ತಾರೆ ಎಂದು ಕೆಲವು ದಿನ ಕಾದೆ. ಹೇಳಲಿಲ್ಲ. ಒಂದು ಮಧ್ಯಾಹ್ನ ತೂಕದ ಡಬ್ಬಿ ಹಿಡಿದು ನಾನೇ ಹೋದೆ.

ಮಾಸ್ಟ್ರು ಕಾರ್ಯಕ್ರಮಕ್ಕೆ ಕೃತಿಗಳನ್ನು ಆರಿಸುತ್ತಾ ಕೂತಿದ್ದರು. ನಾನು ಬಲಗಡೆಯ ಒಂದು ಕೀಯ ತುದಿಯಲ್ಲಿ ಇಪ್ಪತ್ತು ಗ್ರಾಮಿನ ಕಲ್ಲಿಟ್ಟೆ. ಕೀ ಅಲುಗಲಿಲ್ಲ. ಅದೇ ಕಲ್ಲನ್ನು ಎತ್ತಿ ಎಡಗಡೆಯ ಕೀಯ ಮೇಲಿಟ್ಟೆ. ಅದು ಸುಮ್ಮನೆ ಇಳಿದು ಕೂತಿತು.

ಮಾಸ್ಟ್ರು ಆ ಕಲ್ಲನ್ನೇ ನೋಡಿದರು. ತಾವೇ ಎತ್ತಿ ಪಕ್ಕದ ಕೀಯ ಮೇಲಿಟ್ಟರು. ಇನ್ನೊಂದರ ಮೇಲೆ. ಮತ್ತೊಂದರ ಮೇಲೆ. ಬದುಕೆಲ್ಲ ಪಿಯಾನೋದ ಎದುರು ಕಳೆದವರಿಗೆ ನಾನು ವಿವರಿಸಬೇಕಾದ್ದು ಏನೂ ಇರಲಿಲ್ಲ.

“ಯಾವಾಗಿನಿಂದ?”

“ಬಟ್ಟೆ ಬದಲಿಸುತ್ತೇನೆ ಎಂದು ಕೀಗಳನ್ನು ಒಯ್ದೆನಲ್ಲ, ಆವಾಗಿನಿಂದ.”

“ನಾನು ಫೋನಿನಲ್ಲಿ ಗೆಳೆಯನಿಗೆ ನುಡಿಸಿ ಕೇಳಿಸಿದೆನಲ್ಲ?”

“ಅದು ಆಮೇಲೆ, ಮಾಸ್ಟ್ರೇ.”

ಅವರು ಕಲ್ಲನ್ನು ಎತ್ತಿ ಡಬ್ಬಿಯೊಳಗೆ ಇಟ್ಟರು. “ಹಾಗಾದರೆ ಅದು ನಾನಲ್ಲ. ತಾವಾಗಿ ಇಳಿಯುವ ಕೀಗಳ ಮೇಲೆ ಬೆರಳಿಟ್ಟಿದ್ದೆ, ಅಷ್ಟೆ. ಮಾವನ ಅಂಗಡಿಯಲ್ಲಿ ಮಾಡಿದ್ದನ್ನೇ ಮಾಡಿದ್ದೇನೆ.”

ಅಲ್ಲ ಎನ್ನಲು ಬಾಯಿ ತೆರೆದೆ. ನನಗೆ ಅಳು ಬಂದಿತ್ತು.

“ಇದು ಕುತ್ತಿಗೆಯಲ್ಲ, ಅಲ್ಲವೇ, ಡಾಕ್ಟರ್?”

“ಪಿಯಾನೋದ ವಿಷಯ ಮಾತ್ರ ನನ್ನದು, ಮಾಸ್ಟ್ರೇ. ಉಳಿದದ್ದನ್ನು ಬಾಯಮ್ಮನಲ್ಲಿ ಕೇಳಿ.”

ಆಕೆ ಬಾಗಿಲಲ್ಲಿ ಚಾದ ತಟ್ಟೆ ಹಿಡಿದು ನಿಂತಿದ್ದರು. ಮಾಸ್ಟ್ರು ಜರ್ಮನಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದರು. ನಾನು ಹೊರಗೆ ಅಂಗಳಕ್ಕೆ ಬಂದು ತೆಂಗಿನ ಬುಡದಲ್ಲಿ ನಿಂತೆ. ಹತ್ತಿರದ ಹಳಿಯಲ್ಲಿ ಒಂದು ಗೂಡ್ಸ್ ಗಾಡಿ ಹೋಯಿತು, ಮುಗಿಯುವುದೇ ಇಲ್ಲ ಎಂಬಷ್ಟು ಉದ್ದದ್ದು. ಅದು ಹೋದ ಮೇಲೆ ಒಳಗಿನಿಂದ ಆಕೆಯ ಅಳು ಕೇಳಿಸಿತು. ಮಾಸ್ಟ್ರದ್ದು ಕೇಳಲಿಲ್ಲ. ದೂರದ ಮಸೀದಿಯಲ್ಲಿ ಸಾಯಂಕಾಲದ ಅಸರ್ ನಮಾಜಿನ ಬಾಂಗ್ ಆದ ಮೇಲೆ ಅವರು ನನ್ನನ್ನು ಕರೆದರು.

“ಸೀಸ ತೆಗೆ. ಎಲ್ಲವನ್ನೂ. ನನ್ನ ಕೈ ಎಲ್ಲಿಗೆ ಬಂದಿದೆ ಎಂದು ನಾನು ನೋಡಬೇಕು.”

ಗೇಟಿನ ಹತ್ತಿರ ಬಾಯಮ್ಮ ಸಿಕ್ಕಿದರು. ಕಣ್ಣು ಊದಿತ್ತು. “ನೀವು ಮಾಡಿದ್ದು ಸರಿ ಇರ್ಬಹುದು. ಆದ್ರೆ ಇನ್ನು ಸ್ವಲ್ಪ ಸಮಯ ಅವರು ನಗ್ತಾ ಇರ್ತಿದ್ರು. ಅದನ್ನು ನೀವು ತೆಗೆದ್ರಿ. ಇನ್ನು ನನ್ನ ಹತ್ರ ಮಾತಾಡ್ಬೇಡಿ” ಎಂದರು.

ಸೀಸ ತೆಗೆಯುವ ಕೆಲಸವನ್ನು ಅವರ ಮನೆಯಲ್ಲೇ ಮಾಡಬೇಕೆಂದು ಮಾಸ್ಟ್ರ ಹಟ. ವರಾಂಡದಲ್ಲಿ ಹಲಗೆ ಹಾಸಿ ಕೂತೆ. ಹಾಕುವುದಕ್ಕಿಂತ ತೆಗೆಯುವುದು ಕಷ್ಟ. ಸೀಸವನ್ನು ನಡುವೆ ಕೊರೆದು, ಮರ ಸೀಳದ ಹಾಗೆ ತಳ್ಳಿ ಹೊರಹಾಕಿ, ತೂತಿಗೆ ಮರದ ಬೆಣೆ ಅಂಟು ಹಚ್ಚಿ ಬಡಿಯಬೇಕು. ಮಾಸ್ಟ್ರು ಪಕ್ಕದಲ್ಲಿ ಕುರ್ಚಿ ಹಾಕಿ ಕೂತು, ಹೊರಬಂದ ಒಂದೊಂದು ತುಂಡನ್ನೂ ಅಂಗೈಯಲ್ಲಿಟ್ಟು ತೂಗಿ ನೋಡಿ ಡಬ್ಬಿಗೆ ಹಾಕುತ್ತಿದ್ದರು. ಮಾತು ಕಡಿಮೆ. ನಡುವೆ ಒಮ್ಮೆ ಮಾತ್ರ, “ಕೆಲಸ ಬಹಳ ನೀಟಾಗಿ ಮಾಡಿದ್ದೀಯ. ಒಂದು ಕೀಗೂ ಇನ್ನೊಂದಕ್ಕೂ ವ್ಯತ್ಯಾಸವೇ ತಿಳಿಯಲಿಲ್ಲ” ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಕೀಗಳು ಮತ್ತೆ ಐವತ್ತು ಗ್ರಾಮಿಗೆ ಬಂದ ಮೇಲೆ ಅವರು ಕೂತು ಎಡಗೈ ಎತ್ತಿದರು. ಮೊದಲ ಸ್ವರ ಬಂತು. ಗೊಂಚಲಿಗೆ ಹಾರಿದಾಗ ಎರಡು ಸ್ವರ ಬಂದವು, ಒಂದು ಬರಲಿಲ್ಲ. ಮತ್ತೆ ತಗ್ಗಿಗೆ ಇಳಿದಾಗ ಕೈ ಕೀಯ ಮೇಲೆ ಮಲಗಿತು. ಅವರು ಅದನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು.

“ಕಾರ್ಯಕ್ರಮ ಬೇಡ ಅಂತ ಶಾಲೆಗೆ ಹೇಳಲೇ?” ಎಂದು ಕೇಳಿದೆ.

“ಬೇಡ. ನಾನು ಬರುತ್ತೇನೆ ಎಂದಿದ್ದೇನೆ.”

ಜನವರಿಯ ಆ ಸಂಜೆಗೆ ನಾನು ಬೆಳಿಗ್ಗೆಯೇ ಹೋಗಿ ಶಾಲೆಯ ಪಿಯಾನೋ ಶ್ರುತಿ ಮಾಡಿದೆ. ಹೆಡ್ಮಿಸ್ ಹೇಳಿದ ಹಾಗೆ ಬೇರೇನನ್ನೂ ಮುಟ್ಟಲಿಲ್ಲ. ಮಾಸ್ಟ್ರು ನಮ್ಮಿಬ್ಬರಿಗೂ ಮೊದಲ ಸಾಲಿನಲ್ಲಿ ಪಕ್ಕಪಕ್ಕದ ಕುರ್ಚಿ ಹಾಕಿಸಿದ್ದರು, ಬೇಕೆಂದೇ. ಬಾಯಮ್ಮ ಬಂದು ಕೂತರು, ನನ್ನ ಕಡೆ ತಿರುಗಲಿಲ್ಲ. ಆಕೆಯಿಂದ ಬಟ್ಟೆಗೆ ಹಾಕುವ ಕರ್ಪೂರದ ವಾಸನೆ ಬರುತ್ತಿತ್ತು. ಹಬ್ಬಕ್ಕೆ ಉಡುವ ರೇಷ್ಮೆ ಸೀರೆ ಉಟ್ಟಿದ್ದರು.

ಮಾಸ್ಟ್ರು ವೇದಿಕೆಗೆ ಮೆಲ್ಲಗೆ ಏರಿದರು, ಕಪ್ಪು ಕೋಟು. ಎಡಗೈಯನ್ನು ಕೋಟಿನ ಕಿಸೆಯೊಳಗೆ ಇಟ್ಟಿದ್ದರು. ಜನರಿಗೆ ಇಂಗ್ಲಿಷಿನಲ್ಲಿ ಹೇಳಿದರು: “ನನ್ನ ಎಡಗೈಗೆ ಕಾಯಿಲೆ. ಅದು ಇನ್ನು ಗುಣವಾಗುವುದಿಲ್ಲ. ಇವತ್ತು ನಿಮಗೆ ಬಲಗೈಯಷ್ಟೇ. ಕಡಿಮೆಯಾಯಿತು ಎಂದು ನಿಮಗೆ ಅನ್ನಿಸಿದರೆ, ನನಗೂ ಹಾಗೇ ಅನ್ನಿಸುತ್ತಿದೆ.” ಯಾರೋ ನಕ್ಕು, ನಗಬಾರದಿತ್ತೆಂದು ಕೆಮ್ಮಿದರು.

ಆಮೇಲೆ ನುಡಿಸಿದರು. ಬಲಗೈ ಒಂದೇ. ಆ ತುಂಟ ಸ್ವರಗಳು ಹೊರಟು, ಒರಗಿಕೊಳ್ಳಲು ತಾಳವಿಲ್ಲದೆ ಒಂದೊಂದೇ ಗಾಳಿಯಲ್ಲಿ ಹೋದವು. ಜನ ಮರ್ಯಾದೆಯಿಂದ ಕೇಳುತ್ತಿದ್ದರು, ಆದರೆ ಅವರಿಗೆ ಅದು ಅರ್ಧವೇ. ಎರಡು ಸ್ವರಗಳ ನಡುವಿನ ಖಾಲಿ ಜಾಗಕ್ಕೆ ಏನು ಬರಬೇಕಿತ್ತೆಂದು ಗೊತ್ತಿಲ್ಲದವರಿಗೆ ಆ ಸಂಗೀತದಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ನನ್ನಿಂದ ನೋಡಲಾಗಲಿಲ್ಲ. ತಲೆ ತಗ್ಗಿಸಿದೆ.

ಆಗ ಬಾಯಮ್ಮನ ಕೈ ಕಂಡಿತು. ರೇಷ್ಮೆ ಸೀರೆಯ ಮೇಲೆ, ಎಡ ಮೊಣಕಾಲಿನಲ್ಲಿ, ಆಕೆಯ ಎಡಗೈ ಅಂಚಿಗೆ ಬಿದ್ದು ನಡುವಿಗೆ ಹಾರುತ್ತಿತ್ತು. ಬಿದ್ದು, ಹಾರಿ, ಬಿದ್ದು, ಹಾರಿ, ಸದ್ದಿಲ್ಲದೆ, ಒಂದು ಕಡೆಯೂ ತಪ್ಪದೆ. ಆಕೆಗೆ ಪಿಯಾನೋ ನುಡಿಸಲು ಬರುವುದಿಲ್ಲ. ಮದುವೆಯಾದಂದಿನಿಂದ ಪಕ್ಕದ ಕೋಣೆಯಲ್ಲಿ ಕೇಳಿಸಿಕೊಂಡದ್ದು ಅಷ್ಟೆ. ಕಣ್ಣು ವೇದಿಕೆಯ ಮೇಲಿತ್ತು, ಕೆನ್ನೆ ಒದ್ದೆಯಾಗಿತ್ತು, ಕೈ ಮಾತ್ರ ತನ್ನ ಕೆಲಸ ಬಿಟ್ಟಿರಲಿಲ್ಲ. ಮೂರನೆಯ ಭಾಗದ ನಡುವೆ ಮಾಸ್ಟ್ರ ಬಲಗೈಯೂ ಒಂದು ಕಡೆ ತಡವರಿಸಿ ನಿಂತಿತು. ಆಕೆಯ ಕೈ ಮೊಣಕಾಲಿನ ಮೇಲೆ ಎತ್ತಿದಲ್ಲೇ ನಿಂತು ಕಾದಿತು. ಅವರು ಮುಂದಿನ ಸ್ವರ ಹಿಡಿದ ಮೇಲೆಯೇ ಅದು ಇಳಿಯಿತು.